ಹೊಸಕೋಟೆ ದಾರಿಯ ದೇಸಿ ಸಸ್ಯೋದ್ಯಾನಗಳು

ಒಂದು ಸೀಮೆಯಲ್ಲಿ ತಾನಾಗಿ ಹುಟ್ಟಿ ಬೆಳೆಯುವ ಗಿಡಮರಗಳನ್ನು ಉಳಿಸಿ, ಹೆಸರು ಗುರುತಿಸಿ, ನೋಡಲು ಬಂದವರಿಗೆ ತೋರಿಸುವ ಜಾಗವೇ ದೇಸಿ ಸಸ್ಯೋದ್ಯಾನ. ಸಾಮಾನ್ಯ ಸಸ್ಯೋದ್ಯಾನದ ಲೆಕ್ಕ ಬೇರೆ. ಅಲ್ಲಿ ದೂರದೇಶದಿಂದ ಬಂದದ್ದಕ್ಕೆ, ಅಪರೂಪದ್ದಕ್ಕೆ, ಮೈತುಂಬ ಹೂ ಬಿಡುವುದಕ್ಕೆ ಮೊದಲ ಮಣೆ. ದೇಸಿ ಉದ್ಯಾನದಲ್ಲಿ ಮೊದಲ ಮಣೆ ಊರ ಗಿಡಕ್ಕೆ.

ಇಂಥ ಉದ್ಯಾನದ ಯೋಚನೆ ಬಹಳ ಹಳೆಯದಲ್ಲ. ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದ ಬೆಟ್ಟದ ಮಗ್ಗುಲಲ್ಲಿ ಕರ್ಸ್ಟನ್‌ಬಾಷ್ ಎಂಬ ತೋಟವಿದೆ. ಅದು ಶುರುವಾದದ್ದು 1913ರಲ್ಲಿ. ಆ ನಾಡಿನದೇ ಗಿಡಗಳನ್ನು ಕಾಪಾಡಬೇಕೆಂಬುದು ಅದರ ಉದ್ದೇಶ. ಆಸ್ಟ್ರೇಲಿಯಾದ ರಾಜಧಾನಿ ಕ್ಯಾನ್‌ಬೆರಾದಲ್ಲಿ ಇನ್ನೊಂದಿದೆ. 1970ರಲ್ಲಿ ಅದರ ಅಧಿಕೃತ ಉದ್ಘಾಟನೆ ಆಯಿತು. ಅಲ್ಲಿ ಹುಲ್ಲುಹಾಸಿನ ನಡುವೆ ಬಗೆಬಗೆಯ ನೀಲಗಿರಿ ಮರಗಳನ್ನು ಬೆಳೆಸಿದ್ದಾರೆ. ನೀಲಗಿರಿ ಜಾತಿಯಲ್ಲಿ ನೂರಾರು ಬಗೆಗಳಿವೆ, ಹೆಚ್ಚುಕಡಿಮೆ ಎಲ್ಲವೂ ಆಸ್ಟ್ರೇಲಿಯಾದವೇ.

ಹೊಸಕೋಟೆ ಕಡೆಯ ಕೇಳುಗರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ತಾಲ್ಲೂಕಿನ ಖುಷ್ಕಿ ಜಮೀನುಗಳಲ್ಲಿ ಸಾಲುಸಾಲಾಗಿ ನಿಂತು ಸದ್ದಿಲ್ಲದೆ ನೀರು ಹೀರುವ ಮರವೆಂದು ರೈತರು ದೂರುವುದು ಇದೇ ನೀಲಗಿರಿಯನ್ನು. ಟಿಪ್ಪು ಸುಲ್ತಾನನ ಕಾಲದಲ್ಲಿ, ಸುಮಾರು 1790ರಲ್ಲಿ, ಅದು ನಂದಿಬೆಟ್ಟಕ್ಕೆ ಬಂತು. 1980ರ ದಶಕದ ಸಾಮಾಜಿಕ ಅರಣ್ಯದ ದಿನಗಳಲ್ಲಿ ಹೊಲಹೊಲಕ್ಕೂ ಇಳಿಯಿತು. ಕ್ಯಾನ್‌ಬೆರಾದಲ್ಲಿ ಅದು ಮನೆಮಗ, ಹೊಸಕೋಟೆಯಲ್ಲಿ ಪರಸ್ಥಳದವನು. ಮರ ಒಂದೇ. ಅದು ದೇಸಿಯೋ ಅಲ್ಲವೋ ಎಂಬುದು ನಿಂತ ನೆಲದ ಮೇಲೆ ತೀರ್ಮಾನವಾಗುತ್ತದೆ.

ಆದ್ದರಿಂದ ಗಿಡ ನೋಡುವುದಕ್ಕೆ ಮೊದಲು ನೆಲವನ್ನು ನೋಡಬೇಕು. ಹೊಸಕೋಟೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬಯಲುಸೀಮೆ. ಮಣ್ಣು ಕೆಂಪು. ಅಲ್ಲಲ್ಲಿ ನೆಲದಿಂದ ಮೇಲೆದ್ದ ಬೋಳುಬಂಡೆ. ವರ್ಷದ ಮಳೆ 750 ಮಿಲಿಮೀಟರ್ ಆಸುಪಾಸು. ಮಳೆಯ ಜೋರು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ದಕ್ಷಿಣ ಪಿನಾಕಿನಿ ನಂದಿ ಬೆಟ್ಟಸಾಲಿನ ಕಡೆಯಿಂದ ಇಳಿದು ಈ ತಾಲ್ಲೂಕನ್ನು ಹಾಯ್ದು ತಮಿಳುನಾಡಿಗೆ ಹೋಗುತ್ತದೆ. ವರ್ಷದುದ್ದಕ್ಕೂ ಹರಿಯುವ ನದಿಯೇನಲ್ಲ. ಜನವರಿಯಿಂದ ಮೇ ತಿಂಗಳವರೆಗೆ ಇಲ್ಲಿನ ಗಿಡಮರ ತಮ್ಮಲ್ಲಿರುವುದರಲ್ಲೇ ಕಾಲ ಹಾಕಬೇಕು.

ಇಷ್ಟು ಮಳೆಗೆ, ಇಂಥ ಬೇಸಗೆಗೆ ಒಗ್ಗಿದ್ದು ಎಲೆ ಉದುರಿಸುವ ಕಾಡು, ಅದರ ನಡುವೆ ಕುರುಚಲು, ಕುರುಚಲಿನ ನಡುವೆ ಹುಲ್ಲು. ಹೊಂಗೆ, ಹಿಪ್ಪೆ, ಬೇವು, ಮುತ್ತುಗ, ಕಕ್ಕೆ, ನೇರಳೆ, ಅತ್ತಿ, ಆಲ, ಬೇಲ, ನೆಲ್ಲಿ ಇಲ್ಲಿನ ಮರಗಳು. ಕೆರೆಯಂಗಳದಲ್ಲಿ ಕರಿಜಾಲಿ. ಬಂದರೆ, ತಂಗಡಿ, ಲಕ್ಕಿ, ಕಾರೆ, ಕವಳೆ ಇಲ್ಲಿನ ಪೊದೆಗಳು. ನೆಲಮಟ್ಟದಲ್ಲಿ ತುಂಬೆ, ಉತ್ತರಾಣಿ, ನೆಲನೆಲ್ಲಿ, ವಿಷ್ಣುಕ್ರಾಂತಿ, ಗರಿಕೆ, ಪೊರಕೆಗೆ ಬರುವ ಹಂಚಿಕಡ್ಡಿ ಹುಲ್ಲು.

ಹೆಸರುಗಳ ಈ ಪಟ್ಟಿ ಪುಸ್ತಕದಿಂದ ಬಂದದ್ದಲ್ಲ. ಸಂಕ್ರಾಂತಿಯಲ್ಲಿ ದನಗಳ ಪೂಜೆಗೆ ತಂಗಡಿ ಹೂ, ಅಣ್ಣೆ ಹೂ ಬೇಕು. ಶಿವಪೂಜೆಗೆ ತುಂಬೆ ಬೇಕು. ಮಳೆ ಬಿದ್ದು ಹತ್ತು ಹದಿನೈದು ದಿನಕ್ಕೆ ಹೊಲದ ಬದುವಿನಲ್ಲಿ ಹೆಂಗಸರು ಬೆರಕೆ ಸೊಪ್ಪು ಆಯುತ್ತಾರೆ. ಅಣ್ಣೆ, ಗೋಣಿ, ಕೊಮ್ಮೆ ಎಲ್ಲವೂ ಒಂದೇ ಮಡಿಲಿಗೆ ಬಂದು ಸಾರಾಗುತ್ತವೆ. ಯಾರೂ ಬಿತ್ತದ ಈ ಸೊಪ್ಪುಗಳಲ್ಲಿ ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು ಎಂಬುದು ಆ ಹೆಂಗಸರಿಗೆ ಎಲೆ ಮುಟ್ಟಿದರೇ ತಿಳಿಯುತ್ತದೆ. ಸಸ್ಯಶಾಸ್ತ್ರದ ವಿದ್ಯಾರ್ಥಿಗೆ ಅಷ್ಟು ಕಲಿಯಲು ಒಂದೆರಡು ವರ್ಷ ಬೇಕು.

ಈವರೆಗೆ ಎರಡು ಮಾತು ಆಯಿತು. ದೇಸಿ ಎಂಬುದು ನೆಲಕ್ಕೆ ಕಟ್ಟಿದ ಮಾತು. ಹೊಸಕೋಟೆಯ ನೆಲ ಒಣಸೀಮೆಯ ನೆಲ. ಇನ್ನು, ಈ ಗಿಡಗಳನ್ನು ನೋಡಲು ಹೊರಟವರು ಎಲ್ಲಿಗೆ ಹೋಗಬೇಕು?

ಥಟ್ಟನೆ ಬಾಯಿಗೆ ಬರುವ ಹೆಸರು ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ. ಈಗ ಸುಮಾರು 240 ಎಕರೆ. ಅದರ ಹಿರಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದು ಮುಖ್ಯವಾಗಿ ಹೊರಗಿನ ಗಿಡಗಳನ್ನು ತಂದು, ಈ ಹವೆಗೆ ಒಗ್ಗಿಸಿ, ನಾಡಿಗೆ ಹಂಚಿದ ತೋಟ. 1874ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಅದನ್ನು ನೋಡಿಕೊಂಡ ಜಾನ್ ಕ್ಯಾಮರಾನ್ ಸೀಮೆಬದನೆಯನ್ನು ಈ ಕಡೆಗೆ ಪರಿಚಯಿಸಿದರು. ಅವರ ನಂತರ ಬಂದ ಕ್ರುಂಬಿಗಲ್, ಬೆಂಗಳೂರಿನ ಬೀದಿಗಳಲ್ಲಿ ವರ್ಷವಿಡೀ ಒಂದಾದ ಮೇಲೊಂದು ಮರ ಹೂ ಬಿಡುವಂತೆ ಸಾಲುಮರಗಳನ್ನು ಯೋಜಿಸಿದರು. ಅವುಗಳಲ್ಲಿ ಜಕರಂದ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು. ಲಾಲ್‌ಬಾಗ್ ನೋಡಬೇಕಾದ ತೋಟವೇ, ದೇಸಿ ಗಿಡ ಹುಡುಕುವವರು ಅಲ್ಲಿಂದ ಶುರು ಮಾಡಬೇಕಾಗಿಲ್ಲ ಅಷ್ಟೆ.

ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದೆಂದು ತಿಳಿಯುವುದೂ ತಪ್ಪಾಗುತ್ತದೆ. ಮೆಣಸಿನಕಾಯಿ, ಆಲೂಗೆಡ್ಡೆ, ಸೀಬೆ, ಸೀತಾಫಲ ಎಲ್ಲವೂ ಅಮೆರಿಕ ಖಂಡದವು. ಈ ವಿಷಯವನ್ನೇ ಹಿಡಿದು ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿ ಅವರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಪುಸ್ತಕ ಬರೆದರು. ಪ್ರವಾಸ ಮಾಡುತ್ತ ಗಿಡ ನೋಡುವುದು ಹೇಗೆಂದು ಕನ್ನಡಿಗರಿಗೆ ತೋರಿಸಿಕೊಟ್ಟವರೂ ಅವರೇ. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡುಮೇಡು ಸುತ್ತಿದ ಅವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು.

ಲಾಲ್‌ಬಾಗ್ ಬಿಟ್ಟರೆ ಮುಂದಿನದು ಯಾವುದು? ಹೊಸಕೋಟೆ ಸೀಮೆಯ ಮೊದಲ ದೇಸಿ ಉದ್ಯಾನಕ್ಕೆ ಟಿಕೆಟ್ಟಿಲ್ಲ, ಹೆಸರಿನ ಫಲಕವಿಲ್ಲ. ಅದು ಊರಾಚೆಯ ಗುಂಡುತೋಪು.

ಗುಂಡುತೋಪು ಊರಿಗೆ ಸೇರಿದ ಮರಗಳ ತಾಣ. ಗೋಮಾಳದಂತೆ ಇದಕ್ಕೂ ಕಂದಾಯ ದಾಖಲೆಯಲ್ಲಿ ಪ್ರತ್ಯೇಕ ಹೆಸರಿದೆ. ಮಾವು, ನೇರಳೆ, ಹಿಪ್ಪೆ, ಹೊಂಗೆ, ಹುಣಸೆ, ಆಲ, ಅತ್ತಿ ಇಲ್ಲಿ ಸಾಮಾನ್ಯ. ದನ ಕಾಯುವವರಿಗೆ ನೆರಳು, ಸಂತೆಗೆ ಹೋಗುವವರಿಗೆ ತಂಗುದಾಣ, ಜಾತ್ರೆಗೆ ಬಂದವರಿಗೆ ಒಲೆ ಹೂಡುವ ಜಾಗ. ಹಣ್ಣಿನ ಹರಾಜಿನಿಂದ ಊರಿಗೆ ನಾಲ್ಕು ಕಾಸು. ಮರ ಬೆಳೆಸಿದವರು ಊರವರೇ, ಕಾಡಿನ ಹಾಗೆ ಅದು ತಾನಾಗಿ ಎದ್ದದ್ದಲ್ಲ. ಆದರೆ ಆರಿಸಿ ನೆಟ್ಟ ಮರಗಳು ಬಹುಮಟ್ಟಿಗೆ ಈ ನೆಲದವು. ನೀರು ಹಾಕದಿದ್ದರೂ ಬದುಕುವಂಥವು.

ಇವುಗಳಲ್ಲಿ ಎರಡು ಮರಗಳನ್ನು ಹತ್ತಿರದಿಂದ ನೋಡಬಹುದು. ಮೊದಲನೆಯದು ಹೊಂಗೆ. ಫೆಬ್ರವರಿಯಲ್ಲಿ ಅದರ ಎಲೆ ಉದುರುತ್ತದೆ. ಬೋಳಾಗಿ ನಿಲ್ಲುವುದು ಕೆಲವೇ ದಿನ. ಯುಗಾದಿಯ ಹೊತ್ತಿಗೆ ಎಣ್ಣೆ ಹಚ್ಚಿದಂತೆ ಮಿರುಗುವ ಹೊಸ ಚಿಗುರು ಬಂದಿರುತ್ತದೆ. ಸುತ್ತಲಿನ ಹುಲ್ಲು ಒಣಗಿ ನೆಲ ಕಾದಿರುವಾಗ ಹೊಂಗೆಯಡಿ ಮಾತ್ರ ದಟ್ಟ ನೆರಳು. ಬೇರು ಆಳಕ್ಕಿಳಿಯುವುದರಿಂದ ಮೇಲಿನ ಮಣ್ಣು ಒಣಗಿದರೂ ಮರಕ್ಕೆ ಚಿಂತೆಯಿಲ್ಲ. ಚಿಗುರಿನ ಹಿಂದೆಯೇ ನಸುಗೆಂಪು ಮಿಶ್ರಿತ ಬಿಳಿ ಹೂ. ಬೆಳಿಗ್ಗೆ ಮರದಡಿ ನಿಂತರೆ ಜೇನ್ನೊಣಗಳ ಮೊರೆತ ಕಿವಿಗೆ ಬೀಳುತ್ತದೆ. ಬೀಜದ ಎಣ್ಣೆ ದೀಪಕ್ಕೆ, ಹಿಂಡಿ ಹೊಲಕ್ಕೆ, ಸೊಪ್ಪು ಗೊಬ್ಬರಕ್ಕೆ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುತ್ತವೆ.

ಎರಡನೆಯದು ಅತ್ತಿ. ಅತ್ತಿಗೆ ಹೂವೇ ಇಲ್ಲವೆಂದು ಹೇಳುವವರಿದ್ದಾರೆ. ಹೂ ಇದೆ, ಕಣ್ಣಿಗೆ ಬೀಳುವುದಿಲ್ಲ. ಕಾಂಡದ ಮೈಮೇಲೆಯೇ ಗೊಂಚಲಾಗಿ ಬರುವ ಕಾಯಿಯನ್ನು ಸೀಳಿದರೆ ಒಳಗೋಡೆಯ ತುಂಬ ಸಾಸಿವೆಗಿಂತ ಸಣ್ಣ ಹೂಗಳು. ಕಾಯಿಯ ತುದಿಯಲ್ಲಿ ಒಂದು ಕಿರಿದಾದ ಕಂಡಿ. ಅದರಲ್ಲಿ ಒಂದು ಸಣ್ಣ ಕಣಜ ನುಸುಳಿ ಒಳಹೋಗುತ್ತದೆ. ದಾರಿ ಎಷ್ಟು ಇಕ್ಕಟ್ಟೆಂದರೆ ಅದರ ರೆಕ್ಕೆ ಅಲ್ಲೇ ಮುರಿದುಬೀಳುತ್ತದೆ. ಮೈಗಂಟಿದ ಪರಾಗವನ್ನು ಹೂಗಳಿಗೆ ಸವರಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು, ಅದು ಒಳಗೇ ಸಾಯುತ್ತದೆ. ಮುಂದೆ ಮರಿಗಳು ಎದ್ದಾಗ ರೆಕ್ಕೆಯಿಲ್ಲದ ಗಂಡುಗಳು ಕಾಯಿಯ ಗೋಡೆ ಕೊರೆದು ದಾರಿ ಮಾಡುತ್ತವೆ. ಹೆಣ್ಣುಗಳು ಹೊಸ ಪರಾಗ ಹೊತ್ತು ಬೇರೆ ಅತ್ತಿ ಹುಡುಕುತ್ತ ಹಾರುತ್ತವೆ. ಆಲದ ಕಣಜ ಬೇರೆ, ಅತ್ತಿಯ ಕಣಜ ಬೇರೆ. ಹಣ್ಣಾದ ಮೇಲೆ ಕೋಗಿಲೆ, ಕುಟ್ರಹಕ್ಕಿ, ಬಾವಲಿ, ಕೋತಿ ಎಲ್ಲಕ್ಕೂ ಅದೇ ಊಟ. ಬೇರೆ ಮರಗಳಲ್ಲಿ ಹಣ್ಣಿಲ್ಲದ ತಿಂಗಳಲ್ಲೂ ಅತ್ತಿಯಲ್ಲಿ ಏನಾದರೊಂದು ಇರುತ್ತದೆ. ಒಂದು ಅತ್ತಿ ಕಡಿದರೆ ಹಕ್ಕಿಗಳ ಒಂದು ಅನ್ನಛತ್ರವೇ ಮುಚ್ಚಿತು.

ಗುಂಡುತೋಪಿನ ಮಾತು ಹೀಗಾಯಿತು: ಊರವರು ನೆಟ್ಟದ್ದು, ನೆಲಕ್ಕೆ ಒಗ್ಗಿದ್ದು, ಎಲ್ಲರಿಗೂ ತೆರೆದದ್ದು. ಈಗ ಇಂಥದ್ದೇ ತೋಪು ಕಾನೂನಿನ ರಕ್ಷಣೆ ಪಡೆದ ಕಥೆಗೆ ಬರಬಹುದು. ಅದು ನಲ್ಲೂರಿನದು.

ಹೊಸಕೋಟೆಯಿಂದ ಉತ್ತರಕ್ಕೆ ಸೂಲಿಬೆಲೆ ದಾಟಿ ದೇವನಹಳ್ಳಿಯ ಕಡೆ ಸಾಗಿದರೆ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಸಿಗುತ್ತದೆ. ಅಲ್ಲಿನ ಹುಣಸೆ ತೋಪು ಸುಮಾರು 54 ಎಕರೆ. ಮರಗಳು 300ರ ಆಸುಪಾಸು. 2002ರ ಜೀವವೈವಿಧ್ಯ ಕಾಯ್ದೆಯಡಿ, ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ, ಇಂಥ ತಾಣಗಳನ್ನು ಪಾರಂಪರಿಕ ತಾಣವೆಂದು ಘೋಷಿಸುವ ಅಧಿಕಾರ ರಾಜ್ಯ ಸರ್ಕಾರಗಳಿಗಿದೆ. ಆ ಅಧಿಕಾರ ಬಳಸಿ ಕರ್ನಾಟಕ 2007ರಲ್ಲಿ ನಲ್ಲೂರನ್ನು ಘೋಷಿಸಿತು. ಇಡೀ ದೇಶದಲ್ಲಿ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಇದೇ. ಮುಂದಿನ ವರ್ಷ ಅದೇ ತಾಲ್ಲೂಕಿನಲ್ಲಿ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ ಶುರುವಾಯಿತು, ಸುತ್ತಲಿನ ಜಮೀನಿನ ಬೆಲೆ ಗಗನಕ್ಕೇರಿತು. ಒಂದು ವರ್ಷ ಮೊದಲೇ ಆದ ಘೋಷಣೆ ತೋಪಿನ ಪಾಲಿಗೆ ಒಳ್ಳೆಯದೇ ಆಯಿತೆನ್ನಬೇಕು.

ಕಣ್ಣಾರೆ ಕಾಣದವರಿಗೂ ಆ ತೋಪು ಗೊತ್ತಾಗುವಂತೆ ಹೇಳುವುದಾದರೆ ಹೀಗೆ. ಸಾಲು ಹಿಡಿದು ನೆಟ್ಟ ಮರಗಳಲ್ಲ. ಒಂದು ಇಲ್ಲಿ, ಒಂದು ಅಲ್ಲಿ. ಹಿರಿಯ ಮರಗಳ ಬೊಡ್ಡೆ ನೇರವಾಗಿಲ್ಲ. ಹಗ್ಗ ಹೊಸೆದಂತೆ ತಿರುಚಿಕೊಂಡಿದೆ. ತೊಗಟೆ ಒರಟು, ಆಳವಾಗಿ ಸೀಳಿದೆ. ಬೇರುಗಳು ನೆಲದ ಮೇಲೆಯೇ ಹೆಣೆದುಕೊಂಡು ಬಿದ್ದಿವೆ. ನೆತ್ತಿಯ ಮೇಲೆ ಮಾತ್ರ ಸಣ್ಣ ಎಲೆಗಳ ಹಸಿರು ದಟ್ಟವಾಗಿದೆ. ಪಕ್ಕದಲ್ಲೇ ನಡುವಯಸ್ಸಿನ ಮರಗಳು, ಅವುಗಳ ನಡುವೆ ಎಳೆಯವು. ಹುಣಸೆ ಮರ ಮುಪ್ಪಾದರೂ ಹುಳಿ ಮುಪ್ಪೇ ಎಂಬ ಗಾದೆಯನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಈ ಮರಗಳಿಗೆ ವಯಸ್ಸೆಷ್ಟು? ಚೋಳರು ನೆಡಿಸಿದ್ದು, ಎಂಟುನೂರು ವರ್ಷದ್ದು ಎಂಬುದು ಜನರ ನಂಬಿಕೆ. ಹಳೆಯ ಮರದ ವಯಸ್ಸನ್ನು ಪರೀಕ್ಷಿಸಿದಾಗ ಸಿಕ್ಕ ಲೆಕ್ಕ 400 ವರ್ಷಕ್ಕೆ ಸ್ವಲ್ಪ ಮೇಲೆ. ಉಳಿದ ಅನೇಕ ಮರಗಳಿಗೆ 200 ವರ್ಷದ ಆಚೀಚೆ. ಚರಿತ್ರೆಯೂ ನಂಬಿಕೆಯ ಪಕ್ಷದಲ್ಲಿಲ್ಲ. ಹೊಯ್ಸಳ ವಿಷ್ಣುವರ್ಧನ 12ನೆಯ ಶತಮಾನದ ಆರಂಭದಲ್ಲೇ ಚೋಳರನ್ನು ಗಂಗವಾಡಿಯಿಂದ ಹೊರಗಟ್ಟಿದ್ದ. ಚೋಳರ ಕಾಲದಲ್ಲಿ ಇಲ್ಲಿ ತೋಪು ಇದ್ದಿರಬಹುದು. ಇಂದು ನಿಂತಿರುವ ಮರಗಳು ಆ ಕಾಲದವೆನ್ನಲು ಆಧಾರ ಸಾಲದು. ಆದರೆ 400 ವರ್ಷವೇನು ಸಣ್ಣ ಲೆಕ್ಕವೇ? ಸುಗಟೂರಿನ ತಮ್ಮೇಗೌಡ ಹೊಸಕೋಟೆಯ ಕೋಟೆ ಕಟ್ಟಿಸಿದ್ದು ಸುಮಾರು 1595ರಲ್ಲಿ. ನಲ್ಲೂರಿನ ಹಿರಿಯ ಹುಣಸೆಯೂ ಹೊಸಕೋಟೆ ಪಟ್ಟಣವೂ ಹೆಚ್ಚುಕಡಿಮೆ ಒಂದೇ ಪ್ರಾಯದವು. ಕೋಟೆ ಅಳಿದಿದೆ. ಮರ ಈಗಲೂ ಫಲ ಕೊಡುತ್ತಿದೆ.

ಇಲ್ಲೊಂದು ತೊಡಕಿದೆ. ಹುಣಸೆ ಮೂಲತಃ ಭಾರತದ್ದಲ್ಲ. ಅದರ ಹುಟ್ಟೂರು ಆಫ್ರಿಕವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಹಾಗಾದರೆ ನಲ್ಲೂರನ್ನು ದೇಸಿ ಗಿಡಗಳ ಲೆಕ್ಕಕ್ಕೆ ಸೇರಿಸುವುದು ಹೇಗೆ? ಉತ್ತರ ಕಾಲದ ಅಳತೆಯಲ್ಲಿದೆ. ಗಂಗಾ ಬಯಲಿನ ನರ್ಹನ್ ಎಂಬಲ್ಲಿ ಉತ್ಖನನದಲ್ಲಿ ಸಿಕ್ಕ ಹುಣಸೆ ಮರದ ಇದ್ದಿಲು ಮೂರು ಸಾವಿರ ವರ್ಷಕ್ಕೂ ಹಿಂದಿನದು. ಅಷ್ಟು ಕಾಲದಿಂದ ಇಲ್ಲಿ ಬದುಕಿ, ಬೀಜದಿಂದ ತಾನೇ ಹುಟ್ಟಿ, ಸಾರಿಗೂ ಗಾದೆಗೂ ದೆವ್ವದ ಕಥೆಗೂ ಸೇರಿಹೋದ ಮರವನ್ನು ಪರದೇಶಿ ಎನ್ನುವುದು ಬಿಗಿಯಾದ ಶಾಸ್ತ್ರದಲ್ಲಿ ಸರಿ, ವ್ಯವಹಾರದಲ್ಲಿ ಸಲ್ಲದು. ನೀಲಗಿರಿಗೆ ಇದೇ ರಿಯಾಯಿತಿ ಕೊಡಲು ಬರುವುದಿಲ್ಲ. ಅದರ ತೋಪಿನಡಿ ಬೇರೆ ಗಿಡ ಏಳುವುದು ಕಷ್ಟ, ಹಕ್ಕಿಗೆ ಹಣ್ಣಿಲ್ಲ, ದನಕ್ಕೆ ಮೇವಿಲ್ಲ.

ಗುಂಡುತೋಪು, ನಲ್ಲೂರು ಎರಡೂ ಊರಿನವು. ವಿದ್ಯಾಸಂಸ್ಥೆಗಳು ಬೆಳೆಸಿದ ತೋಟಗಳು ಇದಕ್ಕಿಂತ ಬೇರೆ ಬಗೆಯವು. ಅಂಥವು ಎರಡು, ಎರಡೂ ಬೆಂಗಳೂರಿನ ಉತ್ತರ ಅಂಚಿನಲ್ಲಿವೆ.

ಮೊದಲನೆಯದು ಕೃಷಿ ವಿಶ್ವವಿದ್ಯಾಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಜನರ ಬಾಯಲ್ಲಿ ಜಿ.ಕೆ.ವಿ.ಕೆ. ಅದರ ಆವರಣ ಸುಮಾರು 1300 ಎಕರೆ. ಅದರಲ್ಲಿ 400 ಎಕರೆಯಷ್ಟು ಭಾಗ 2010ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅಲ್ಲಿ 500ಕ್ಕೂ ಹೆಚ್ಚು ಬಗೆಯ ಸಸ್ಯಗಳು, 160ಕ್ಕೂ ಹೆಚ್ಚು ಬಗೆಯ ಹಕ್ಕಿಗಳು ದಾಖಲಾಗಿವೆ. ಪ್ರತಿ ವರ್ಷ ಕೃಷಿ ಮೇಳಕ್ಕೆ ಹೊಸಕೋಟೆ, ದೇವನಹಳ್ಳಿಯ ರೈತರು ಗುಂಪುಗುಂಪಾಗಿ ಹೋಗುತ್ತಾರೆ. ಹೊಸ ತಳಿ, ಹೊಸ ಯಂತ್ರ ನೋಡಿ, ಮಳಿಗೆ ಸುತ್ತಿ ಬಸ್ಸು ಹತ್ತುತ್ತಾರೆ. ಒಂದು ಗಂಟೆ ಉಳಿಸಿಕೊಂಡು ಅಲ್ಲಿನ ಮರಗಳ ನಡುವೆ ನಡೆದರೆ ಹೋದದ್ದೂ ಸಾರ್ಥಕ.

ಎರಡನೆಯದು ಯಲಹಂಕದ ಬಳಿ, ಜಾರಕಬಂಡೆ ಕಾವಲಿನಲ್ಲಿದೆ. ಜನಪದ ವೈದ್ಯ ಪರಂಪರೆಯನ್ನು ಉಳಿಸಲೆಂದು 1993ರಲ್ಲಿ ಕೆಲಸ ಆರಂಭಿಸಿದ ಎಫ್‌.ಆರ್‌.ಎಲ್‌.ಎಚ್‌.ಟಿ. ಸಂಸ್ಥೆಯ ಔಷಧ ಸಸ್ಯಗಳ ತೋಟ. ನಾಡಿನ ನೂರಾರು ಬಗೆಯ ಮದ್ದಿನ ಗಿಡ ಇಲ್ಲಿವೆ. ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳ ಸಂಗ್ರಹವೂ ಇದೆ. ಈ ಸಂಸ್ಥೆಯ ದೊಡ್ಡ ಕೆಲಸ ತೋಟಕ್ಕಿಂತ ಹೊರಗಿನದು. ಔಷಧ ಸಸ್ಯಗಳನ್ನು ಅವು ಹುಟ್ಟಿದ ಕಾಡಿನಲ್ಲೇ ಕಾಪಾಡಲು ಅರಣ್ಯ ಇಲಾಖೆಗಳೊಡನೆ ಸೇರಿ ಸಂರಕ್ಷಣಾ ಪ್ರದೇಶಗಳನ್ನು ಗುರುತಿಸಿತು. ಮಾಗಡಿ ಸೀಮೆಯ ಸಾವನದುರ್ಗ, ತುಮಕೂರು ಕಡೆಯ ದೇವರಾಯನದುರ್ಗ ಆ ಪಟ್ಟಿಯಲ್ಲಿವೆ.

ಇಂಥ ತೋಟದಲ್ಲಿ ಒಂದು ಎಚ್ಚರ ಬೇಕು. ಕರ್ನಾಟಕದ ಗಿಡವೆಲ್ಲ ಹೊಸಕೋಟೆಯ ಗಿಡವಲ್ಲ. ಮಲೆನಾಡಿನ ಸೀತಾ ಅಶೋಕವನ್ನು ಇಲ್ಲಿ ಬೆಳೆಸಲು ನೆರಳೂ ನೀರೂ ಒದಗಿಸಬೇಕು. ಅದು ದೇಸಿಯೇ, ಆದರೆ ಬೇರೆ ಮಳೆಯ ದೇಸಿ. ಮನೆಯಂಗಳಕ್ಕೆ ಸಸಿ ಆರಿಸುವವರು ಈ ವ್ಯತ್ಯಾಸ ಕೇಳಿ ತಿಳಿದುಕೊಳ್ಳಬೇಕು.

ಹೋಗಬೇಕಾದ ಜಾಗಗಳು ಇವು. ಇನ್ನು ಯಾವಾಗ ಹೋಗಬೇಕೆಂಬ ಪ್ರಶ್ನೆ. ಹೂದೋಟಕ್ಕೆ ಯಾವಾಗ ಹೋದರೂ ಏನೋ ಒಂದು ಅರಳಿರುತ್ತದೆ. ದೇಸಿ ಗಿಡಕ್ಕೆ ತನ್ನದೇ ಪಂಚಾಂಗವಿದೆ. ಸಂಕ್ರಾಂತಿಗೆ ಎಲಚಿಹಣ್ಣು. ಶಿವರಾತ್ರಿಯ ಆಸುಪಾಸಿನಲ್ಲಿ ಎಲೆಯಿಲ್ಲದ ಕೊಂಬೆಯ ತುಂಬ ಮುತ್ತುಗದ ಕೇಸರಿ ಹೂ. ಅದೇ ಕಾಲಕ್ಕೆ ಹುಣಸೆ ಮಾಗಿ, ಗಳದಿಂದ ಬಡಿದು ಉದುರಿಸುವ ಕೆಲಸ ಶುರು. ಯುಗಾದಿಗೆ ಹೊಂಗೆ. ಹಿಪ್ಪೆಯ ತಿರುಳುಹೂ ಉದುರುವುದು ಬೆಳಗಿನ ಜಾವದಲ್ಲಿ, ಬಿಸಿಲೇರುವ ಮೊದಲೇ ಹೋದವರಿಗೆ ಅದರ ಸಿಹಿ ಕಮರು ವಾಸನೆ ಸಿಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಕಕ್ಕೆಯ ಹಳದಿ ಗೊಂಚಲು. ಮುಂಗಾರು ಹಿಡಿದ ಮೇಲೆ ನೇರಳೆ. ಹಿಂಗಾರು ಮುಗಿಯುವ ಹೊತ್ತಿಗೆ ಹುಲ್ಲು, ಬಳ್ಳಿ, ಅಣ್ಣೆ, ತಂಗಡಿ. ಒಂದೇ ತೋಪನ್ನು ನಾಲ್ಕು ಋತುವಿನಲ್ಲಿ ನೋಡುವುದು ನಾಲ್ಕು ತೋಟ ನೋಡುವುದಕ್ಕಿಂತ ಮೇಲು.

ನೋಡುವ ಕ್ರಮವೂ ಇದೆ. ಮೊದಲು ಮರ, ಆಮೇಲೆ ಪೊದೆ, ಕೊನೆಗೆ ನೆಲ. ಬಹುಪಾಲು ಜನ ಮರ ನೋಡಿ ತಿರುಗಿಬಿಡುತ್ತಾರೆ. ಎಲೆಯ ಜೋಡಣೆ, ತೊಗಟೆಯ ಒರಟು, ಎಲೆ ಉಜ್ಜಿದಾಗಿನ ವಾಸನೆ ಇಷ್ಟು ಸಾಕು ಗುರುತಿಗೆ. ಬಂದರೆಯ ಎಲೆ ಮುಟ್ಟಿದರೆ ಅಂಟು. ಲಕ್ಕಿಯ ಎಲೆ ಮೂಗಿಗೆ ಖಾರ. ಇವೆರಡನ್ನೂ ಕತ್ತಲಲ್ಲೂ ಹೇಳಬಹುದು. ಕಾಯಿ, ಬೀಜ, ಬೇರು ಕಿತ್ತು ತರುವುದು ಮಾತ್ರ ಕೂಡದು. ಪಾರಂಪರಿಕ ತಾಣದಲ್ಲಂತೂ ಸಲ್ಲದು.

ಇಷ್ಟೆಲ್ಲ ಹೇಳಿದ ಮೇಲೆ ಈ ತೋಟಗಳಿಗೆ ಬಂದಿರುವ ಕುತ್ತಿನ ಮಾತು ಉಳಿಯಿತು. ಒಂದು ಕುತ್ತು ಲಂಟಾನ. ಬಣ್ಣಬಣ್ಣದ ಹೂವಿನ ಈ ಮುಳ್ಳುಪೊದೆ ಅಮೆರಿಕ ಖಂಡದ್ದು. 1800ರ ನಂತರದ ಮೊದಲ ದಶಕದಲ್ಲಿ ಅಲಂಕಾರದ ಗಿಡವೆಂದು ಅದನ್ನು ತಂದು ನೆಟ್ಟದ್ದು ಕಲ್ಕತ್ತೆಯ ಸಸ್ಯೋದ್ಯಾನದಲ್ಲಿ. ಅಲ್ಲಿಂದ ಹಕ್ಕಿಗಳು ಬೀಜ ಚೆಲ್ಲಿ ದೇಶದ ಕಾಡೆಲ್ಲ ತುಂಬಿತು. ಸಸ್ಯೋದ್ಯಾನಗಳಿಗೆ ಹೆಮ್ಮೆಪಡುವ ಸಂಗತಿ ಬೇಕಾದಷ್ಟಿವೆ, ಇದು ಆ ಸಾಲಿಗೆ ಸೇರುವುದಿಲ್ಲ. ಇನ್ನೊಂದು ಕುತ್ತು ನೆಲದ ಬೆಲೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಹರಿಣಿ ನಾಗೇಂದ್ರ, ಸೀಮಾ ಮುಂಡೋಳಿ ಮೊದಲಾದವರು ಬೆಂಗಳೂರು ಸುತ್ತಲಿನ ಗುಂಡುತೋಪುಗಳನ್ನು ಅಧ್ಯಯನ ಮಾಡಿದ್ದಾರೆ. ದಾಖಲೆಯಲ್ಲಿ ತೋಪೆಂದಿರುವ ಜಾಗದಲ್ಲಿ ಕಟ್ಟಡ ಎದ್ದಿರುವುದು ಅವರಿಗೆ ಕಂಡಿದೆ.

ಮೂರನೆಯ ಕುತ್ತು ಯಾರ ಕಣ್ಣಿಗೂ ಕುತ್ತಾಗಿ ಕಾಣುವುದಿಲ್ಲ. ಅದು ಸ್ವಚ್ಛತೆಯ ಹೆಸರಿನದು. ತೋಪನ್ನು ಉದ್ಯಾನ ಮಾಡುತ್ತೇವೆಂದು ಜೆ.ಸಿ.ಬಿ. ಬರುತ್ತದೆ. ಮರ ಬಿಟ್ಟು ಉಳಿದದ್ದನ್ನೆಲ್ಲ ಕಳೆಯೆಂದು ಹೆರೆದುಹಾಕುತ್ತಾರೆ. ತಂಗಡಿ ಹೋಯಿತು, ಬಂದರೆ ಹೋಯಿತು, ಮರದಡಿ ಮೊಳೆತಿದ್ದ ಹಿಪ್ಪೆಯ ಸಸಿ ಹೋಯಿತು. ಅದರ ಮೇಲೆ ಪರದೇಶದ ಹುಲ್ಲುಹಾಸು, ಸಿಮೆಂಟಿನ ನಡೆದಾರಿ, ಒಂದು ಕಾರಂಜಿ. ಇದ್ದ ಮರ ಇದ್ದಷ್ಟು ದಿನ. ಮುಂದಿನ ತಲೆಮಾರಿನ ಮರ ಅಲ್ಲಿ ಏಳುವುದಿಲ್ಲ. ನಲ್ಲೂರಿನಲ್ಲಿ ಮುದಿ ಮರದ ಪಕ್ಕದಲ್ಲಿ ಎಳೆಯ ಮರವಿರುವುದು ಅಲ್ಲಿ ನೆಲವನ್ನು ನೆಲವಾಗಿ ಬಿಟ್ಟಿದ್ದರಿಂದ. ಲಂಟಾನ ಕೀಳುವುದು ಬೇರೆ, ಕುರುಚಲನ್ನೇ ಕಿತ್ತು ಬಿಸಾಡುವುದು ಬೇರೆ.

ಕೇಳುಗರು ಮಾಡಬಹುದಾದ ಒಂದು ಕೆಲಸವಿದೆ. ಅದೇ 2002ರ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರ ಗಿಡಮರ, ಪ್ರಾಣಿಪಕ್ಷಿಗಳ ವಿವರವನ್ನು ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು. ತಮ್ಮ ಊರಿನ ಗುಂಡುತೋಪು ಆ ಪುಸ್ತಕದಲ್ಲಿದೆಯೇ ಎಂದು ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸಬಹುದು. ಇಲ್ಲದಿದ್ದರೆ ಬರೆಸಬಹುದು. ಬೆರಕೆ ಸೊಪ್ಪು ಆಯುವ ಹಿರಿಯ ಹೆಂಗಸರನ್ನು ಆ ದಿನ ಜೊತೆಗೆ ಕರೆದುಕೊಂಡು ಹೋಗಲಿ, ಹೆಸರುಗಳು ಅವರಿಗೆ ಗೊತ್ತು.